ಮೇಲಿನ ಪದರ ಮಿಥ್ಯೆಯೇ?

ಒಂದು ಪುರಾತನ ಕಟ್ಟಡದ ಗೋಡೆಯ ಮೇಲೆ ಒಂದು ವರ್ಣಚಿತ್ರವಿದೆ. ಅದರ ಅಡಿಯಲ್ಲಿ ಅದಕ್ಕಿಂತಲೂ ಹಳೆಯದಾದ ಇನ್ನೊಂದು ಚಿತ್ರವಿರುವುದು ಹೇಗೋ ತಿಳಿದುಬರುತ್ತದೆ. ಕೆಳಗಿನದನ್ನು ಕಾಣಬೇಕಾದರೆ ಮೇಲಿನದನ್ನು ಕಳೆಯಲೇಬೇಕು. ಹಾಗೆ ಕಳೆಯುವುದು ಯುಕ್ತವೇ? ಯುಕ್ತವಾದರೆ ಯಾರ ಅನುಮತಿಯಿಂದ, ಎಷ್ಟರ ಮಟ್ಟಿಗೆ?

ಇದು ಪುರಾತತ್ತ್ವ ಇಲಾಖೆಯವರ ತಲೆನೋವು, ಉತ್ಸವ ಪ್ರವಚನಗಳ ಪತ್ರಿಕೆಯಲ್ಲಿ ಇದರ ಚರ್ಚೆ ಏಕೆ ಎಂದು ವಾಚಕರು ಕೇಳಬಹುದು. ಆದರೆ ಜೀರ್ಣೋದ್ಧಾರವೆಂಬ ಪುಣ್ಯಕಾರ್ಯ ಇಂದು ನಡೆಯದ ಊರಿಲ್ಲ. ಸಮಿತಿ ರಚನೆಯಾಗುತ್ತದೆ, ವಂತಿಗೆ ಕೂಡುತ್ತದೆ, ಮೊದಲ ವಾರದಲ್ಲಿಯೇ ಗೋಡೆ ಛಾವಣಿಗಳನ್ನು ಉಜ್ಜುವ ಕೆಲಸ ಆರಂಭವಾಗುತ್ತದೆ. ಉಜ್ಜಿದ್ದು ಏನನ್ನು ಎಂದು ತಿಳಿಯುವ ಹೊತ್ತಿಗೆ ಅದು ನೆಲದ ಮೇಲೆ ಪುಡಿಯಾಗಿ ಬಿದ್ದಿರುತ್ತದೆ. ಆದುದರಿಂದ ಈ ಪ್ರಶ್ನೆ ನಮ್ಮ ಹೊಸ್ತಿಲನ್ನು ದಾಟಿ ಒಳಗೇ ಬಂದಿದೆಯೆನ್ನಬೇಕು.

ದೃಷ್ಟಾಂತಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೋಡೋಣ. ನಮ್ಮಲ್ಲಿ ಅನೇಕರು ಶ್ರೀರಂಗನಾಥನ ದರ್ಶನ ಮುಗಿಸಿ ಆ ತೋಟದ ಮಹಲನ್ನೂ ನೋಡಿ ಬಂದವರೇ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆಯಲ್ಲಿ ಬಣ್ಣವಿಲ್ಲದ ಜಾಗವನ್ನು ಹುಡುಕಬೇಕು. ಕಂಬ, ಕಮಾನು, ಛಾವಣಿ ಎಲ್ಲೆಡೆಯೂ ಹೂಬಳ್ಳಿಗಳ ಅಲಂಕಾರ. ಪಶ್ಚಿಮದ ಗೋಡೆಯಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧದ ವಿಸ್ತಾರವಾದ ಚಿತ್ರವಿದೆ. ಕಂಚಿಯ ಬಳಿ ಹೈದರ್ ಮತ್ತು ಟಿಪ್ಪು ಆಂಗ್ಲ ಸೇನಾನಿ ಬೇಲಿಯನ್ನು ಸೋಲಿಸಿದ ಪ್ರಸಂಗವದು. ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸ್ಫೋಟಗೊಂಡ ಮದ್ದಿನ ಬಂಡಿ, ಸಾಲುಸಾಲಾಗಿ ಬರುವ ಕುದುರೆ ಸವಾರರು ಎಲ್ಲವೂ ಅಲ್ಲಿವೆ.

ಆದರೆ ಇಂದು ನಾವು ಕಾಣುವ ಬಣ್ಣ ೧೭೮೪ರದಲ್ಲ. ೧೭೯೯ರ ಮುತ್ತಿಗೆಗೆ ಮುಂಚೆಯೇ ಈ ಯುದ್ಧಚಿತ್ರವನ್ನು ಕೆಡಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಆ ಮಹಲಿನಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಯಿಸಿದನು. ತನ್ನ ಪಕ್ಷದ ಸೋಲನ್ನು ಸಾರುವ ಚಿತ್ರವನ್ನು ಗೆದ್ದವನೇ ನಿಂತು ಸರಿಪಡಿಸಿದ್ದು ಸ್ವಾರಸ್ಯವಾದ ಸಂಗತಿ. ಮುಂದೆ ಅದಕ್ಕೆ ಸುಣ್ಣ ಬಳಿಯಲಾಯಿತು. ಚಿತ್ರ ಬಹುಮಟ್ಟಿಗೆ ಅಳಿಸಿಹೋಯಿತು. ೧೮೫೦ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಅದನ್ನು ಪುನಃ ಬರೆಯಿಸಲು ಆಜ್ಞಾಪಿಸಿದನು. ಮೂಲಚಿತ್ರವನ್ನು ನೋಡಿ ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಗಾರನು ಆ ಕೆಲಸವನ್ನು ಮಾಡಿದನೆಂದು ಗೆಝೆಟಿಯರಿನ ವೃತ್ತಾಂತ ಹೇಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಚಿತ್ರಗಾರನು ಬರೆದದ್ದು ಯಾವುದು? ಟಿಪ್ಪುವಿನ ಕಾಲದ ಚಿತ್ರವೇ, ತನ್ನ ಕಾಲದ ಹೊಸ ಚಿತ್ರವೇ? ನೈಯಾಯಿಕರು ಸ್ಮೃತಿಯನ್ನು ಪ್ರಮೆಯೊಳಗೆ ಸೇರಿಸುವುದಿಲ್ಲ. ನಮ್ಮ ಸಿದ್ಧಾಂತದಲ್ಲಿ ಹಾಗಿಲ್ಲ. ಕಂಡದ್ದನ್ನು ಕಂಡಂತೆಯೇ ನೆನೆಯುವ ಜ್ಞಾನ ಯಥಾರ್ಥವೇ ಆದುದರಿಂದ ಸ್ಮೃತಿಗೂ ಪ್ರಾಮಾಣ್ಯವುಂಟು. ಪಾಠಶಾಲೆಯಲ್ಲಿ ಪ್ರಮಾಣಪದ್ಧತಿಯನ್ನು ಓದುವಾಗ ಈ ಮಾತಿಗೆ ಲೋಕವ್ಯವಹಾರದಲ್ಲಿ ಇಷ್ಟು ಒಳ್ಳೆಯ ಉದಾಹರಣೆ ದೊರೆತೀತೆಂದು ನಾನು ಎಣಿಸಿರಲಿಲ್ಲ. ಒಬ್ಬ ಮನುಷ್ಯನ ನೆನಪು ಒಂದಿಡೀ ಗೋಡೆಯನ್ನು ಹೊತ್ತು ತಂದಿದೆ. ಅದರಲ್ಲಿ ಕೆಲವು ಗೆರೆಗಳು ತಪ್ಪಿರಬಹುದು. ಅವನ ಕಾಲದ ಅಭಿರುಚಿಯೂ ಸೇರಿರಬಹುದು. ನಾಳೆ ಯಾರಾದರೂ ಆ ಬಣ್ಣದ ಅಡಿಯಲ್ಲಿ ೧೭೮೪ರ ಗೆರೆಯೊಂದು ಉಳಿದಿದೆಯೆಂದು ತೋರಿಸಿದರೆ, ಆ ನೆನಪಿನ ಚಿತ್ರವನ್ನು ಕೆರೆದು ಎಸೆಯಬೇಕೆ?

ತಂಜಾವೂರಿನಲ್ಲಿ ಇಂಥ ಪ್ರಶ್ನೆ ಊಹೆಯಾಗಿ ಉಳಿಯಲಿಲ್ಲ, ಎದುರಿಗೇ ಬಂದು ನಿಂತಿತು. ರಾಜರಾಜ ಚೋಳನು ಕಟ್ಟಿಸಿ ೧೦೧೦ರ ಸುಮಾರಿಗೆ ಪೂರ್ಣಗೊಳಿಸಿದ ಬೃಹದೀಶ್ವರ ದೇವಾಲಯದ ಗರ್ಭಗೃಹದ ಸುತ್ತ ಕತ್ತಲೆಯ ಒಳ ಪ್ರದಕ್ಷಿಣೆಯ ಹಾದಿಯೊಂದಿದೆ. ಅಲ್ಲಿನ ಗೋಡೆಗಳ ಮೇಲೆ ತಂಜಾವೂರಿನ ನಾಯಕ ಅರಸರ ಕಾಲದ ಚಿತ್ರಗಳಿದ್ದವು. ೧೯೩೧ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಎಸ್. ಕೆ. ಗೋವಿಂದಸ್ವಾಮಿಯವರು ಅವುಗಳ ಅಡಿಯಲ್ಲಿ ಚೋಳರ ಕಾಲದ ಚಿತ್ರಗಳಿರುವುದನ್ನು ಕಂಡುಹಿಡಿದರು. ಎರಡು ಪದರಗಳ ನಡುವೆ ಸುಮಾರು ಆರು ನೂರು ವರ್ಷಗಳ ಅಂತರ! ಕೆಳಗೆ ಸುಂದರಮೂರ್ತಿ ನಾಯನಾರರು ಬಿಳಿಯ ಆನೆಯೇರಿ ಕೈಲಾಸಕ್ಕೆ ಹೋಗುವ ದೃಶ್ಯ, ತ್ರಿಪುರಸಂಹಾರ, ನಟರಾಜನ ಸನ್ನಿಧಿಯಲ್ಲಿ ನಿಂತ ಅರಸನ ಪರಿವಾರ. ಚೋಳರ ಕಾಲದ ಚಿತ್ರಕಲೆಗೆ ಇಷ್ಟು ವಿಸ್ತಾರವಾದ ಸಾಕ್ಷ್ಯ ದುರ್ಲಭವೆಂದು ವಿದ್ವಾಂಸರೆಲ್ಲ ಹರ್ಷಪಟ್ಟರು.

ಹರ್ಷಪಡತಕ್ಕದ್ದೇ. ಆದರೆ ನಾಯಕರ ಚಿತ್ರಗಳ ಗತಿಯೇನು? ಶ್ರೀ ವಿಜಯೀಂದ್ರತೀರ್ಥರು ಕುಂಭಕೋಣದಲ್ಲಿ ನೆಲಸಿ ಗ್ರಂಥಗಳನ್ನು ರಚಿಸಿದ್ದು ಅದೇ ನಾಯಕರ ಆಳ್ವಿಕೆಯಲ್ಲಿ. ಆ ಕಾಲದ ಕುಂಚದ ಗೆರೆ ನಮಗೆ ಕಸವೆಂದು ತೋರುವುದು ಹೇಗೆ? ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಸಾಯನಶಾಸ್ತ್ರಜ್ಞರು ಶ್ರಮಸಾಧ್ಯವಾದ ದಾರಿಯನ್ನು ಹಿಡಿದರು. ಮೇಲಿನ ಚಿತ್ರಗಳನ್ನು ಅವುಗಳ ಗಾರೆಯ ಸಹಿತವಾಗಿ ಗೋಡೆಯಿಂದ ಬಿಡಿಸಿ, ಗಾಜಿನೆಳೆಯ ಫಲಕಗಳ ಮೇಲೆ ಕೂರಿಸಿ, ಪ್ರತ್ಯೇಕ ಸ್ಥಳದಲ್ಲಿ ಪ್ರದರ್ಶನಕ್ಕಿಟ್ಟರು. ಎರಡೂ ಉಳಿದವು. ಆದರೂ ಸಂಪೂರ್ಣ ಸಮಾಧಾನವಾಗುವುದಿಲ್ಲ. ಗರ್ಭಗೃಹದ ಸುತ್ತ ಇರಲೆಂದು ಬರೆದ ಚಿತ್ರ ಇಂದು ಫಲಕವಾಗಿ ನಿಂತಿದೆ. ಅದನ್ನು ಕಳೆದು ತೋರಿಸಿದ ಚೋಳರ ಚಿತ್ರಗಳಿರುವ ಹಾದಿಗೆ ಯಾತ್ರಿಕರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಹೊಳೆಯದು. ನಷ್ಟವಂತೂ ಆಗಿದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅದು ದುರ್ಬಲವಾದದ್ದೇನಲ್ಲ. ಮೂಲಕ್ಕೇ ಪ್ರಾಧಾನ್ಯ, ಮೇಲೆ ಬಂದದ್ದೆಲ್ಲ ಪ್ರಕ್ಷೇಪ. ಗ್ರಂಥಗಳಲ್ಲಿ ಜನರು ಸೇರಿಸಿದ್ದನ್ನೂ ಬಿಟ್ಟದ್ದನ್ನೂ ಹಿಂದುಮುಂದು ಮಾಡಿದ್ದನ್ನೂ ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಸ್ಪಷ್ಟವಾಗಿ ಹೇಳಿ, ಶುದ್ಧವಾದ ಅರ್ಥವನ್ನು ನಿರ್ಣಯಿಸಿಕೊಟ್ಟಿಲ್ಲವೇ? ಗ್ರಂಥಕ್ಕೆ ಒಪ್ಪುವ ನ್ಯಾಯ ಗೋಡೆಗೆ ಏಕೆ ಒಪ್ಪಬಾರದು? ಮೊದಲ ಶಿಲ್ಪಿಯ ಸಂಕಲ್ಪವನ್ನು ಮುಚ್ಚಿದ ಬಣ್ಣವನ್ನು ಕಳೆಯುವುದು ಸತ್ಯವನ್ನು ಹೊರಗೆಡಹಿದಂತೆಯೇ ಅಲ್ಲವೇ?

ಉತ್ತರವು ಆಚಾರ್ಯರ ಆ ಕ್ರಮದಲ್ಲಿಯೇ ಇದೆ. ಅವರು ದೇಶದೇಶಗಳಲ್ಲಿದ್ದ ಬಗೆಬಗೆಯ ಗ್ರಂಥಗಳನ್ನು ನೋಡಿ, ತೂಗಿ, ನಿರ್ಣಯವನ್ನು ಹೇಳಿದರು. ಪ್ರಕ್ಷಿಪ್ತವೆಂದು ಕಂಡ ಓಲೆಗಳನ್ನು ಯಾರೂ ಸುಡಲಿಲ್ಲ. ಸಂದೇಹವುಳ್ಳವನು ಮತ್ತೆ ಓಲೆಯನ್ನು ಬಿಚ್ಚಿ ನೋಡಬಹುದಾಗಿತ್ತು. ಗೋಡೆಗೆ ಪ್ರತಿಗಳಿಲ್ಲ. ಅದರದು ಒಂದೇ ಓಲೆ, ಅದರ ಮೇಲಿನ ಪಾಠವನ್ನು ಅಳಿಸಿದರೆ ಅಳಿಸಿದಂತೆಯೇ. ಇನ್ನೂ ಒಂದು ಭೇದವುಂಟು. ಸೂತ್ರಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ಪದರಗಳು ಬೆಳೆದರೂ ಗ್ರಂಥದಲ್ಲಿ ಮೇಲಿನದು ಕೆಳಗಿನದನ್ನು ಮುಚ್ಚುವುದಿಲ್ಲ. ಗೋಡೆಯಲ್ಲಿ ಮುಚ್ಚಿಯೇ ಮುಚ್ಚುತ್ತದೆ. ಹೊಸ ಗಾರೆ ಹಿಡಿಯಲೆಂದು ಹಳೆಯ ಮೈಯನ್ನು ಉಳಿಯಿಂದ ಕೊಚ್ಚುವ ಪದ್ಧತಿಯೂ ಗಾರೆಯವರಲ್ಲಿ ಉಂಟಷ್ಟೆ.

ಮುಖ್ಯವಾದ ಮಾತು ಬೇರೆಯೇ ಇದೆ. ಹಗ್ಗದ ಮೇಲೆ ಹಾವನ್ನು ಕಂಡವನಿಗೆ ದೀಪ ತಂದರೆ ಸಾಕು, ಹಾವು ಹೋಗುತ್ತದೆ. ಹಾವು ಸತ್ತ ಪಾಪ ಯಾರಿಗೂ ತಗಲುವುದಿಲ್ಲ, ಏಕೆಂದರೆ ಹಾವು ಇರಲೇ ಇಲ್ಲ. ಚೋಳರ ಚಿತ್ರದ ಮೇಲಿನ ನಾಯಕರ ಚಿತ್ರ ಹಾಗೆ ತೋರಿಕೆಯ ಹಾವಲ್ಲ. ಅದೂ ಇದೆ, ಇದೂ ಇದೆ, ಒಂದಕ್ಕಿಂತ ಇನ್ನೊಂದು ಭಿನ್ನ, ಎರಡೂ ಸತ್ಯ. ಭೇದವನ್ನು ಸತ್ಯವೆಂದು ಒಪ್ಪುವ ನಾವು ಗೋಡೆಯ ಮುಂದೆ ನಿಂತಾಗ ಮಾತ್ರ ಮೇಲಿನದನ್ನು ಆರೋಪವೆಂದೂ ಕೆಳಗಿನದೊಂದೇ ಅಧಿಷ್ಠಾನವೆಂದೂ ನುಡಿಯತೊಡಗುವುದು ವಿಚಿತ್ರವಲ್ಲವೇ! ಮೇಲಿನದನ್ನು ಕಳೆಯುವವನು ಭ್ರಮೆಯನ್ನು ನಿವಾರಿಸುತ್ತಿಲ್ಲ, ಇದ್ದುದೊಂದನ್ನು ಇಲ್ಲವಾಗಿಸುತ್ತಿದ್ದಾನೆ. ಕೆಲವು ಸಂದರ್ಭಗಳಲ್ಲಿ ಅದು ಅನಿವಾರ್ಯವೂ ಉಚಿತವೂ ಆಗಬಹುದು. ಆದರೆ ಅದಕ್ಕೆ ಲೆಕ್ಕ ಕೊಡಬೇಕು.

ಈ ಲೆಕ್ಕವನ್ನು ಪಾಶ್ಚಾತ್ಯರು ೧೯೬೪ರಲ್ಲಿ ವೆನಿಸ್ ನಗರದಲ್ಲಿ ಒಂದು ಶಾಸನಪತ್ರದ ರೂಪದಲ್ಲಿ ಬರೆದಿಟ್ಟರು. ಕಟ್ಟಡಕ್ಕೆ ಎಲ್ಲ ಕಾಲಗಳಿಂದಲೂ ಸಂದ ಯೋಗ್ಯ ಕಾಣಿಕೆಗಳನ್ನು ಗೌರವಿಸಬೇಕೆಂದೂ, ಕಳೆಯುವುದು ಅಲ್ಪಮೌಲ್ಯದ್ದಾಗಿ ಹೊರಬರುವುದು ಬಹುಮೌಲ್ಯದ್ದಾಗಿದ್ದಾಗ ಮಾತ್ರ, ಅದೂ ಅಪವಾದವಾಗಿ, ಒಳಪದರವನ್ನು ತೆರೆಯಬಹುದೆಂದೂ, ಈ ನಿರ್ಣಯವನ್ನು ಕೆಲಸದ ಹೊಣೆ ಹೊತ್ತವನೊಬ್ಬನೇ ಮಾಡತಕ್ಕದ್ದಲ್ಲವೆಂದೂ ಅದರ ತಾತ್ಪರ್ಯ. ಊಹೆ ಎಲ್ಲಿ ತೊಡಗುವುದೋ ಅಲ್ಲಿ ಉದ್ಧಾರದ ಕೆಲಸ ನಿಲ್ಲಬೇಕೆಂಬುದೂ ಅದರಲ್ಲಿದೆ. ಪರದೇಶದವರ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಧರ್ಮಶಾಸ್ತ್ರಜ್ಞರು ಕುಳಿತು ಬರೆದಿದ್ದರೂ ಹೀಗೆಯೇ ಬರೆಯುತ್ತಿದ್ದರೆಂದು ನನಗೆ ತೋರುತ್ತದೆ, ಭಾಷೆ ಮಾತ್ರ ಇನ್ನಷ್ಟು ಬಿಗಿಯಾಗಿರುತ್ತಿತ್ತು.

ಪದರಗಳನ್ನು ಬಲ್ಲವರು ಹೇಗೆ ಪರೀಕ್ಷಿಸುತ್ತಾರೆಂಬುದು ತಿಳಿಯತಕ್ಕ ವಿಷಯ. ಕಣ್ಣಿಗೆ ಬೀಳದ ಮೂಲೆಯಲ್ಲಿ, ಚಾಚಿದ ಕಂಬದ ಮರೆಯಲ್ಲಿ ಬೆರಳಗಲದ ಜಾಗವನ್ನು ಆರಿಸಿಕೊಂಡು ಶಸ್ತ್ರವೈದ್ಯರು ಬಳಸುವಂಥ ಸಣ್ಣ ಚಾಕುವಿನಿಂದ ಒಂದೊಂದೇ ಬಣ್ಣವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ. ಮೇಲಿನ ಮೆಟ್ಟಿಲು ಈಚಿನದು, ಕೆಳಗಿನದು ಮೊದಲಿನದು. ಸಾಸಿವೆಯಷ್ಟು ಚೂರನ್ನು ತೆಗೆದು ಅಂಟಿನ ಅಚ್ಚಿನಲ್ಲಿ ಕೂರಿಸಿ, ಅಡ್ಡಲಾಗಿ ಕತ್ತರಿಸಿ, ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಪದರಗಳೂ ಹಾಸಿದ ಚಾಪೆಗಳಂತೆ ಒಂದರ ಮೇಲೊಂದು ಕಾಣುತ್ತವೆ. ಎರಡು ಪದರಗಳ ನಡುವೆ ಕಪ್ಪನೆಯ ತೆಳುಗೆರೆಯೊಂದು ಇದ್ದರೆ ಅದು ದೀಪದ ಮಸಿ, ಧೂಳು. ಅಂದರೆ ಕೆಳಗಿನ ಬಣ್ಣ ಬಹುಕಾಲ ತೆರೆದಿದ್ದು, ಜನರು ಅದನ್ನು ನೋಡಿದ್ದರು. ಆ ಗೆರೆ ಇಲ್ಲದಿದ್ದರೆ ಎರಡೂ ಒಂದೇ ಕೆಲಸದ ಭಾಗಗಳಾಗಿದ್ದು, ಕೆಳಗಿನದು ಬರಿಯ ತಳಹದಿಯಾಗಿರಬಹುದು. ತಳಹದಿಯನ್ನೇ ಮೂಲಚಿತ್ರವೆಂದು ತಿಳಿದು ಮೇಲಿನ ನಿಜವಾದ ಚಿತ್ರವನ್ನು ಕೆರೆದರೆ ಆ ಅನರ್ಥಕ್ಕೆ ಪ್ರಾಯಶ್ಚಿತ್ತವಿಲ್ಲ.

ಕಣ್ಣಾರೆ ಕಂಡೆನೆಂಬ ಮಾತೂ ಸಾಲದು. ವಿಷಯದಲ್ಲಿಯೂ ಇಂದ್ರಿಯದಲ್ಲಿಯೂ ದೋಷವಿಲ್ಲದಿದ್ದಾಗಲೇ ಪ್ರತ್ಯಕ್ಷಕ್ಕೆ ಪ್ರಾಮಾಣ್ಯ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಬೆಳಕು ಕಾಣದೆ ಬಹುಕಾಲ ಮುಚ್ಚಿಕೊಂಡಿದ್ದರೆ ಹಳದಿಯಾಗುತ್ತದೆ. ಆಗತಾನೆ ತೆರೆದ ಮೇಲ್ಮೈಯಲ್ಲಿ ಕಂಡ ಹಸುರು ಹಿಂದೆ ಶುದ್ಧ ನೀಲಿಯಾಗಿದ್ದಿರಬಹುದು. ಕೆಲವು ದಿನ ಬೆಳಕಿಗೆ ಒಡ್ಡಿದ ಮೇಲೆಯೇ ಅದರ ನಿಜವಾದ ಛಾಯೆ ತಿಳಿಯುವುದು. ಸೀಸದಿಂದ ಮಾಡಿದ ಬಿಳುಪೂ ಕೆಂಪೂ ಕಾಲಕ್ರಮದಲ್ಲಿ ಕಪ್ಪಾಗುವುದುಂಟು. ಅವಸರದವನು ಕಂಡ ಬಣ್ಣದಂತೆಯೇ ಹೊಸ ಬಣ್ಣ ಕಲಸಿ ಗೋಡೆಯೆಲ್ಲ ಬಳಿದರೆ, ಮೂಲವನ್ನು ಉದ್ಧರಿಸಿದೆನೆಂಬ ಹೆಮ್ಮೆಯಲ್ಲಿ ಮೂಲದ ಮುಪ್ಪನ್ನು ಬಳಿದಂತಾಗುತ್ತದೆ.

ಸದುದ್ದೇಶವೊಂದೇ ರಕ್ಷೆಯಲ್ಲವೆಂಬುದಕ್ಕೆ ಅಜಂತೆಯ ಉದಾಹರಣೆಯೊಂದೇ ಸಾಕು. ೧೯೨೦ರಿಂದ ಎರಡು ವರ್ಷಗಳ ಕಾಲ ನಿಜಾಮ ಸರ್ಕಾರದವರು ಇಟಲಿಯಿಂದ ತಜ್ಞರನ್ನು ಕರೆಸಿ ಅಲ್ಲಿನ ಚಿತ್ರಗಳಿಗೆ ರಕ್ಷಣೆ ಕೊಡಿಸಿದರು. ಉದುರುತ್ತಿದ್ದ ಗಾರೆಯನ್ನು ಅವರು ಹಿಡಿದು ನಿಲ್ಲಿಸಿದ್ದು ನಿಜ. ಆದರೆ ಮೇಲೆ ಬಳಿದ ಅರಗಿನ ಮೆರುಗು ವರ್ಷಗಳು ಕಳೆದಂತೆ ಹಳದಿಗಟ್ಟಿ, ಧೂಳು ಮಸಿಗಳನ್ನು ಹಿಡಿದುಕೊಂಡು ಚಿತ್ರಗಳನ್ನು ಮಸುಕುಗೊಳಿಸಿತು. ಆ ಮೆರುಗನ್ನು ಕಳೆಯುವ ಕೆಲಸ ಮುಂದಿನ ತಲೆಮಾರುಗಳ ಹೆಗಲಿಗೆ ಬಿತ್ತು. ನೋಡಿ, ಅಲ್ಲಿ ಮೇಲಿನ ಪದರವನ್ನು ಕಳೆದದ್ದು ಸರಿಯೇ. ಅರಗಿನ ಮೆರುಗು ಯಾರ ಚಿತ್ರವೂ ಅಲ್ಲ, ಯಾರ ಸೇವೆಯೂ ಅಲ್ಲ. ಲಿಪಿಕಾರನ ಕೈತಪ್ಪಿಗೂ ಟಿಪ್ಪಣಿಕಾರನ ಮಾತಿಗೂ ಇರುವ ವ್ಯತ್ಯಾಸವನ್ನು ಇಲ್ಲಿಯೂ ಕಾಣಬೇಕು.

ಇನ್ನು ಅಳಿದುಹೋದ ಭಾಗವನ್ನು ತುಂಬುವ ವಿಚಾರ. ಬಳ್ಳಿಯ ಅಂಚು ಹತ್ತು ಕಡೆ ಒಂದೇ ರೀತಿ ಇದ್ದು ಹನ್ನೊಂದನೆಯ ಕಡೆ ಅಳಿಸಿದ್ದರೆ, ಅಲ್ಲಿಯೂ ಅದೇ ಬಳ್ಳಿ ಇತ್ತೆನ್ನುವುದು ನಿರ್ದೋಷವಾದ ಅನುಮಾನ. ದೇವತೆಯ ಮುಖವೇ ಅಳಿದಿದ್ದರೆ ಅಲ್ಲಿ ಹೇತುವಿಲ್ಲ. ಬರೆದದ್ದೆಲ್ಲ ನಮ್ಮ ಕಲ್ಪನೆ. ರೋಮ್ ನಗರದಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಉದ್ಧಾರ ಸಂಸ್ಥೆಯವರು ಇದಕ್ಕೊಂದು ಉಪಾಯವನ್ನು ರೂಢಿಗೆ ತಂದರು. ಅಳಿದ ಜಾಗವನ್ನು ಸೂಕ್ಷ್ಮವಾದ ನೇರ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ನೋಡುವವನಿಗೆ ಚಿತ್ರ ಅಖಂಡವಾಗಿ ಕಾಣುತ್ತದೆ. ಹತ್ತಿರ ಬಂದವನಿಗೆ ಗೆರೆಗಳು ಕಂಡು, ಇದು ಹೊಸತೆಂದು ತಿಳಿಯುತ್ತದೆ. ಯಾರಿಗೂ ಮೋಸವಿಲ್ಲ. ಪೂಜೆಗೊಳ್ಳುವ ಬಿಂಬದ ಮಾತು ಬೇರೆ, ಅದಕ್ಕೆ ಆಗಮದ ವಿಧಿಯುಂಟು. ಛಾವಣಿಯ ಕಮಲಕ್ಕೂ ಬಾಗಿಲವಾಡದ ಬಳ್ಳಿಗೂ ಆ ವಿಧಿಯನ್ನು ಎಳೆದು ತಂದು ಎಲ್ಲವನ್ನೂ ಹೊಸದಾಗಿ ಮಾಡಬೇಕೆನ್ನುವುದು ಸರಿಯಾಗಿ ಕಾಣುವುದಿಲ್ಲ.

ನಮ್ಮ ಕರಾವಳಿಯ ಕಾವಿ ಕಲೆಯನ್ನು ನೆನೆದಾಗ ಮನಸ್ಸು ನೋಯುತ್ತದೆ. ಗೋವೆಯಲ್ಲಿಯೂ ಉತ್ತರ ಕನ್ನಡದಲ್ಲಿಯೂ ಅನೇಕ ದೇವಾಲಯಗಳ ಗೋಡೆಗಳಲ್ಲಿ ಬಿಳಿಯ ಗಾರೆಯ ಮೇಲೆ ಕಾವಿಯ ಕೆಂಪನ್ನು ಹಚ್ಚಿ, ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಅಡಿಯ ಬಿಳುಪಿನಲ್ಲಿ ಚಿತ್ರವನ್ನು ಮೂಡಿಸುತ್ತಿದ್ದರು. ಅಲ್ಲಿ ಕೆರೆಯುವುದೇ ಬರೆಯುವುದು. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಡೆ ಆ ಗೋಡೆಗಳು ಸಿಮೆಂಟಿನ ಅಡಿಯಲ್ಲಿ ಸೇರಿದವು, ಇಲ್ಲವೆ ಬಿದ್ದವು. ಹಳೆಯವರು ಬಳಿದ ಸುಣ್ಣವಾದರೂ ಅಡಿಯ ಚಿತ್ರವನ್ನು ಮರೆಮಾಡಿ ಒಂದು ಬಗೆಯಲ್ಲಿ ಕಾಪಾಡುತ್ತಿತ್ತು, ಬಲ್ಲವನ ಕೈಯಲ್ಲಿ ಬಿಟ್ಟುಕೊಡುತ್ತಲೂ ಇತ್ತು. ಸಿಮೆಂಟಿಗೆ ಆ ದಾಕ್ಷಿಣ್ಯವಿಲ್ಲ.

ನಮ್ಮ ತಂದೆಯವರು ಅರ್ಚಕರಾಗಿರುವ ದೇವಾಲಯದಲ್ಲಿಯೂ ಈಚೆಗೆ ಇಂಥದೊಂದು ಪ್ರಸಂಗ ಒದಗಿತು. ಮುಖಮಂಟಪದ ಮರದ ಛಾವಣಿಯಲ್ಲಿ ಎನಾಮೆಲಿನ ನೀಲಿ ಎದ್ದು ಉದುರಿದ ಕಡೆ, ಅಡಿಯಲ್ಲಿ ಹಸುರು, ಅದರ ಅಡಿಯಲ್ಲಿ ಕಾವಿಬಣ್ಣದ ಕಮಲದ ದಳವೊಂದು ಕಂಡಿತು. ಸಮಿತಿಯ ತರುಣರಿಗೆ ಉತ್ಸಾಹ ಉಕ್ಕಿತು. ಬೆಂಕಿಯ ಉರಿ ಹಾಯಿಸಿ ನೀಲಿಯನ್ನು ಒಂದೇ ದಿನದಲ್ಲಿ ಎಬ್ಬಿಸುವ ಗುತ್ತಿಗೆದಾರನನ್ನೂ ಹುಡುಕಿದರು. ಆ ನೀಲಿಯ ಒಂದು ಅಂಚಿನಲ್ಲಿ ಸೇವಾಕರ್ತರೊಬ್ಬರ ಹೆಸರಿತ್ತು. ಅವರ ಮೊಮ್ಮಗ ಪ್ರತಿವರ್ಷ ಆರಾಧನೆಗೆ ತಪ್ಪದೆ ಬರುವವರು. ಸುದ್ದಿ ತಿಳಿದು ಬಂದು, “ಆಚಾರ್ಯರೇ, ಕಮಲ ಕಾಣಲಿ, ಬೇಡವೆನ್ನುವುದಿಲ್ಲ. ಆದರೆ ಅಜ್ಜ ಸಾಲ ಮಾಡಿ ಹಾಕಿಸಿದ ಬಣ್ಣ ಅದು” ಎಂದಷ್ಟೇ ಹೇಳಿದರು.

ತಂದೆಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, “ರಾಯರೇ, ನಿಮ್ಮ ಅಜ್ಜನ ಸೇವೆ ಆವತ್ತೇ ದೇವರಿಗೆ ಮುಟ್ಟಿದೆ. ಅದನ್ನು ಯಾರೂ ಕೆರೆಯಲಾರರು. ಹಲಗೆಯ ಮೇಲಿನದನ್ನು ಏನು ಮಾಡಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ, ಅದನ್ನು ನಿಮ್ಮನ್ನು ಕೇಳಿಯೇ ಮಾಡೋಣ” ಎಂದರು. ಉರಿಯ ಗುತ್ತಿಗೆದಾರನನ್ನು ಕಳುಹಿಸಿಕೊಡಲಾಯಿತು. ಬಲ್ಲವರೊಬ್ಬರು ಬಂದು ಮೊದಲು ಛಾಯಾಚಿತ್ರಗಳನ್ನು ತೆಗೆದು, ಒಂದು ಅಂಗೈಯಗಲ ಬಿಡಿಸಿ ತೋರಿಸಿದರು. ಕಮಲದ ನಡುವಿನ ಭಾಗ ಹಾಳಾಗಿತ್ತು, ದಳಗಳು ಚೆನ್ನಾಗಿದ್ದವು. ನಡುವಿನ ಹಲಗೆಗಳಲ್ಲಿ ನೀಲಿಯನ್ನೂ ಹಸುರನ್ನೂ ತೆಗೆಯುವುದೆಂದೂ, ಹಾಳಾದ ನಡುಭಾಗಕ್ಕೆ ಕಾವಿಯ ತಿಳಿಬಣ್ಣವನ್ನು ಮಾತ್ರ ಹಚ್ಚಿ ಹೊಸ ಕೇಸರವನ್ನು ಬರೆಯಬಾರದೆಂದೂ ತೀರ್ಮಾನವಾಯಿತು.

ರೋಮಿನ ಸಿಸ್ಟೈನ್ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ೧೯೮೦ರಿಂದ ೧೯೯೪ರವರೆಗೆ ಶುಚಿಗೊಳಿಸಿದಾಗ, ಮೈಕೆಲೇಂಜೆಲೋ ಒಣಗಿದ ಗಾರೆಯ ಮೇಲೆ ಕೊನೆಯಲ್ಲಿ ಕೊಟ್ಟ ಸ್ಪರ್ಶಗಳೂ ಮಸಿಯೊಡನೆ ಹೋದವೆಂದು ಕೆಲವು ವಿದ್ವಾಂಸರು ತೀವ್ರವಾಗಿ ಆಕ್ಷೇಪಿಸಿದರು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಕೆಲಸ ಮಾಡಿದವರು ಅಲ್ಲಲ್ಲಿ ಸಣ್ಣ ಚೌಕಗಳನ್ನು ತೊಳೆಯದೆ ಕಪ್ಪಾಗಿಯೇ ಬಿಟ್ಟಿದ್ದಾರೆ. ಮುಂದೆ ಬರುವವರು ಹೋಲಿಸಿ ನೋಡಲೆಂದು ಬಿಟ್ಟ ಸಾಕ್ಷಿ ಅದು. ನಮ್ಮ ಮುಖಮಂಟಪದಲ್ಲಿಯೂ ಈಶಾನ್ಯದ ಮೂಲೆಯ ಒಂದು ಹಲಗೆಯನ್ನು ಮುಟ್ಟದೆ ಬಿಡಲಾಗಿದೆ. ಅದರಲ್ಲಿ ಎನಾಮೆಲಿನ ನೀಲಿ ಇದೆ, ಸೇವಾಕರ್ತರ ಹೆಸರಿದೆ, ಇಸವಿಯೂ ಇದೆ.